ಬಗ್ಗುವ ಹಲಗೆ, ಮೊಣಕಾಲಿನ ಸವಾರಿ

ಹೋದ ತಿಂಗಳ ಅಂಕಣದಲ್ಲಿ "ಈಗ ನಾನು ಅಲೆ ಮೇಲೆ ನಿಲ್ಲಲ್ಲ, ಮೊಣಕಾಲೂರಿ ಕೂರ್ತೀನಿ" ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಮೆಸೇಜ್‌ಗಳು ಶುರುವಾದವು. "ಹಾಗಾದ್ರೆ ಅದು ಸರ್ಫಿಂಗ್ ಹೇಗಾಗುತ್ತೆ?" ಅಂತ ಒಬ್ಬರು. "ನಿಲ್ಲೋಕೆ ಬರದವರು ಹೇಳೋ ನೆಪ ಅಲ್ವಾ ಇದು?" ಅಂತ ಇನ್ನೊಬ್ಬರು, ಜೊತೆಗೆ ನಗುವ ಇಮೋಜಿ ಬೇರೆ. ಇವತ್ತಿನ ಅಂಕಣ ಆ ಇಮೋಜಿಗೆ ಉತ್ತರ.

ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ಇವತ್ತು ಜಗತ್ತಿನ ಯಾವ ಬೀಚ್‌ನಲ್ಲಾದರೂ ಚಿಕ್ಕ, ಚುರುಕಾದ ಸರ್ಫ್‌ಬೋರ್ಡ್ ಮೇಲೆ ನಿಂತು ಸರಕ್ಕನೆ ತಿರುಗುವವರನ್ನು ನೋಡ್ತೀರಲ್ಲ, ಅವರೆಲ್ಲ ಮೊಣಕಾಲೂರಿ ಕೂತ ಒಬ್ಬ ಮನುಷ್ಯನಿಗೆ ಋಣಿಗಳು. ಅವರ ಹೆಸರು ಜಾರ್ಜ್ ಗ್ರೀನೋ. 1941ರಲ್ಲಿ ಹುಟ್ಟಿದವರು, ಊರು ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ.

ಚಮಚದಂಥ ಹಲಗೆ

ಅರವತ್ತರ ದಶಕದ ಆರಂಭದಲ್ಲಿ ಸರ್ಫ್‌ಬೋರ್ಡ್ ಅಂದ್ರೆ ಒಂಬತ್ತು-ಹತ್ತು ಅಡಿ ಉದ್ದದ, ಹೆಗಲ ಮೇಲೆ ಹೊತ್ತು ತರಬೇಕಾದ ಭಾರದ ವಸ್ತು. ಅದರ ಮೇಲೆ ನಿಂತು ನೇರಕ್ಕೆ, ಗಾಂಭೀರ್ಯದಿಂದ ಸಾಗುವುದೇ ಆಗಿನ ಶೈಲಿ. ಗ್ರೀನೋಗೆ ಇದು ಹಿಡಿಸಲಿಲ್ಲ. ಅವರಿಗೆ ಅಲೆಯ ಮಡಿಲಿನೊಳಗೆ, ಅದು ಸುರುಳಿ ಸುತ್ತುವ ಜಾಗಕ್ಕೇ ಹೋಗಬೇಕಿತ್ತು. ಅದಕ್ಕೆ ಮೊಣಕಾಲೂರಿ ಕೂರುವಷ್ಟೇ ಜಾಗದ, ಸುಮಾರು ಐದಡಿಯ ಪುಟ್ಟ ಹಲಗೆಗಳನ್ನು ತಾವೇ ಮಾಡಿಕೊಂಡರು. ಮೊದಲು ಬಾಲ್ಸಾ ಮರದಲ್ಲಿ, ಆಮೇಲೆ ಫೋಮ್ ಮತ್ತು ಫೈಬರ್‌ಗ್ಲಾಸ್‌ನಲ್ಲಿ.

ಅವರ ಹಲಗೆಗೆ ಬಂದ ಅಡ್ಡಹೆಸರು 'ಸ್ಪೂನ್'. ಮೇಲ್ಭಾಗ ಚಮಚದ ಹಾಗೆ ಒಳಕ್ಕೆ ತಗ್ಗು. ಮೂತಿ ಮತ್ತು ಅಂಚುಗಳಲ್ಲಿ ಮಾತ್ರ ಫೋಮ್. ನಡುವೆ ಮತ್ತು ಹಿಂದೆ ಬರೀ ಫೈಬರ್‌ಗ್ಲಾಸ್ ಪದರಗಳು, ತೆಳ್ಳಗೆ. ಹಿಂಭಾಗ ಎಷ್ಟು ತೆಳ್ಳಗೆ ಅಂದ್ರೆ ಒತ್ತಿದರೆ ಬಗ್ಗುತ್ತೆ, ಬಿಟ್ಟರೆ ಟಣ್ ಅಂತ ವಾಪಸ್ ಬರುತ್ತೆ. ಅವರ ಸ್ಪೂನ್‌ಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು 'ವೆಲೋ'.

ಅಡಿಗೆ ಹಾಕಿದ ಫಿನ್ ಕೂಡ ಅವರದೇ ಯೋಚನೆ. ಆಗಿನ ಫಿನ್‌ಗಳು ದೊಡ್ಡದಾಗಿ, ಗಡುಸಾಗಿ, ದೋಣಿಯ ಚುಕ್ಕಾಣಿ ಥರ ಇರುತ್ತಿದ್ದವು. ಗ್ರೀನೋ ನೋಡಿದ್ದು ಟ್ಯೂನಾ ಮೀನಿನ ಬಾಲವನ್ನು. ನಮ್ಮ ಕರಾವಳಿಯವರು ಕೇದರ್ ಅನ್ನೋದು ಇದೇ ಜಾತಿಯ ಮೀನಿಗೆ. ಮಾರ್ಕೆಟ್‌ನಲ್ಲಿ ಸಿಕ್ಕರೆ ಅದರ ಬಾಲ ಗಮನಿಸಿ: ಬುಡದಲ್ಲಿ ಗಟ್ಟಿ, ತುದಿಗೆ ಹೋಗ್ತಾ ಕಿರಿದಾಗಿ ಹಿಂದಕ್ಕೆ ಬಾಗಿರುತ್ತೆ. ಅದೇ ಆಕಾರದ, ತುದಿ ಬಳುಕುವ ಫಿನ್ ಮಾಡಿದರು.

ಇವರು ಆಸ್ಟ್ರೇಲಿಯಾಗೆ ಹೋಗಿ ಅಲ್ಲಿನ ಅಲೆಗಳಲ್ಲಿ ಈ ಹಲಗೆ ಓಡಿಸಿದಾಗ ದಡದಲ್ಲಿ ನಿಂತು ನೋಡಿದವರಲ್ಲಿ ಬೋರ್ಡ್ ಮಾಡುವ ಬಾಬ್ ಮೆಕ್‌ಟ್ಯಾವಿಶ್ ಮತ್ತು ಸರ್ಫರ್ ನ್ಯಾಟ್ ಯಂಗ್ ಇದ್ದರು. ಕೂತವನು ಅಷ್ಟು ಬಿಗಿಯಾಗಿ, ಅಷ್ಟು ವೇಗವಾಗಿ ತಿರುಗಬಹುದಾದ್ರೆ ನಿಂತವನು ಯಾಕಾಗಬಾರದು ಅನ್ನೋದೇ ಅವರ ತಲೆಯೊಳಗೆ ಹೊಕ್ಕ ಹುಳ. 1966ರಲ್ಲಿ ಸ್ಯಾನ್ ಡಿಯೇಗೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಅನ್ನು ನ್ಯಾಟ್ ಯಂಗ್ ಗೆದ್ದರು. ಬೋರ್ಡ್ ಆ ಕಾಲಕ್ಕೆ ತೆಳ್ಳಗಿನದು, ಉದ್ದ 9 ಅಡಿ 4 ಇಂಚು, ಅಡಿಯಲ್ಲಿ ಗ್ರೀನೋ ಮಾದರಿಯ ಫಿನ್. ಮುಂದಿನ ಕೆಲವೇ ವರ್ಷಗಳಲ್ಲಿ ಬೋರ್ಡ್‌ಗಳ ಉದ್ದ ಏಳಡಿ, ಆರಡಿಗೆ ಇಳಿಯಿತು. ಇದನ್ನೇ ಶಾರ್ಟ್‌ಬೋರ್ಡ್ ಕ್ರಾಂತಿ ಅಂತಾರೆ.

ಅಷ್ಟೇ ಅಲ್ಲ. ಈಗ ಫ್ಯಾಷನ್ ಆಗಿರುವ, ಮೀನಿನ ಬಾಲದ ಹಾಗೆ ಹಿಂದೆ ಸೀಳಿರುವ 'ಫಿಶ್' ಬೋರ್ಡ್ ಇದೆಯಲ್ಲ, ಅದನ್ನು ಸ್ಯಾನ್ ಡಿಯೇಗೋದ ಸ್ಟೀವ್ ಲಿಸ್ 1967ರ ಸುಮಾರಿಗೆ ಮಾಡಿದ್ದೂ ಮೊಣಕಾಲೂರಿ ಕೂರೋದಕ್ಕೇ. ನಿಂತು ಓಡಿಸುವವರು ಅದನ್ನು ಆಮೇಲೆ ಎತ್ತಿಕೊಂಡರು.

ಈಗ ಹೇಳಿ, ಯಾರದು ನೆಪ?

ಬಗ್ಗಿದರೆ ಏನು ಲಾಭ?

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಇದೆ. ಬೋರ್ ಆಗಲ್ಲ, ಓದಿ.

ಬೋರ್ಡ್‌ನ ತಳ ಮೂತಿಯಿಂದ ಬಾಲದವರೆಗೆ ಬಿಲ್ಲಿನ ಹಾಗೆ ಸ್ವಲ್ಪ ಬಾಗಿರುತ್ತೆ. ಈ ಬಾಗು ಕಡಿಮೆ ಇದ್ದಷ್ಟೂ ನೇರಕ್ಕೆ ವೇಗ ಜಾಸ್ತಿ. ಬಾಗು ಜಾಸ್ತಿ ಇದ್ದಷ್ಟೂ ತಿರುಗೋದು ಸಲೀಸು, ಆದರೆ ವೇಗ ಹೋಗುತ್ತೆ. ಎರಡೂ ಬೇಕು, ಎರಡೂ ಒಟ್ಟಿಗೆ ಸಿಗಲ್ಲ. ಗಡುಸು ಬೋರ್ಡ್ ಮಾಡುವವರು ನಡುವೆ ಎಲ್ಲೋ ಒಂದು ಕಡೆ ರಾಜಿ ಮಾಡ್ಕೋತಾರೆ. ಆ ರಾಜಿ ಬೋರ್ಡ್ ಒಡೆಯುವವರೆಗೂ ಬದಲಾಗಲ್ಲ.

ಬಗ್ಗುವ ಬೋರ್ಡ್ ಆ ರಾಜಿಯನ್ನು ಪ್ರತಿ ತಿರುವಿನಲ್ಲೂ ಹೊಸದಾಗಿ ಮಾಡುತ್ತೆ. ನೇರ ಹೋಗುವಾಗ ಬಾಲ ಚಪ್ಪಟೆ, ಹಾಗಾಗಿ ವೇಗ. ತಿರುಗಿಸೋಕೆ ಅಂಚನ್ನು ಒತ್ತಿದಾಗ ನೀರಿನ ಒತ್ತಡಕ್ಕೆ ಬಾಲ ಮೇಲಕ್ಕೆ ಬಗ್ಗುತ್ತೆ, ತಳದ ಬಾಗು ಹೆಚ್ಚಾಗುತ್ತೆ, ತಿರುವು ಬಿಗಿಯಾಗುತ್ತೆ. ತಿರುವು ಮುಗೀತಿದ್ದ ಹಾಗೆ ಬಾಲ ಸೆಟೆದು ನೇರವಾಗುತ್ತೆ, ಆಗ ಹಿಂದಿನಿಂದ ಯಾರೋ ಮೆಲ್ಲಗೆ ನೂಕಿದ ಹಾಗೆ. ಶಕ್ತಿ ಎಲ್ಲಿಂದಲೋ ಹೊಸದಾಗಿ ಬಂದಿದ್ದಲ್ಲ. ಬಗ್ಗುವಾಗ ಸ್ವಲ್ಪ ಹೊತ್ತು ಸಾಲ ತಗೊಂಡಿತ್ತು, ಈಗ ವಾಪಸ್ ಕೊಡ್ತು, ಅಷ್ಟೇ.

ಹಾಗಾದ್ರೆ ಎಲ್ಲರೂ ಯಾಕೆ ಇದನ್ನೇ ಮಾಡಲ್ಲ? ಎರಡು ಕಾರಣ. ಒಂದು, ಫೈಬರ್‌ಗ್ಲಾಸ್ ನೀರಿಗಿಂತ ಭಾರ. ಫೋಮ್ ಕಡಿಮೆ ಮಾಡಿ ಫೈಬರ್ ಹೆಚ್ಚಿಸಿದರೆ ಬೋರ್ಡ್ ನಿಮ್ಮನ್ನು ತೇಲಿಸಲ್ಲ. ಅದರ ಮೇಲೆ ಮಲಗಿದರೆ ಎದೆವರೆಗೂ ನೀರಲ್ಲೇ ಇರ್ತೀರಿ. ಕಾಲಿಗೆ ಸ್ವಿಮ್ ಫಿನ್ ಹಾಕ್ಕೊಂಡು ಒದ್ದು ಒದ್ದು ಅಲೆ ಹಿಡೀಬೇಕು. ವೇಗ ಬಂದ ಮೇಲೆ ಮಾತ್ರ ಅದು ನೀರಿನ ಮೇಲೆದ್ದು ಜೀವ ತಗೊಳ್ಳುತ್ತೆ. ಅಂದ್ರೆ ಗಟ್ಟಿ ಅಲೆ ಬೇಕು. ಎರಡು, ಇದು ಸವಾರನ ತೂಕಕ್ಕೆ, ಅವನ ಅಲೆಗೆ ತಕ್ಕ ಹಾಗೆ ಕೈಯಲ್ಲೇ ಹದ ಮಾಡಬೇಕಾದ ವಸ್ತು. ಸಾಲಾಗಿ ನೂರು ಮಾಡಿ ಅಂಗಡಿಯಲ್ಲಿ ಜೋಡಿಸೋಕೆ ಆಗಲ್ಲ.

ನನ್ನ ಕಥೆ ಇಷ್ಟು

ಎರಡು ವರ್ಷದ ಹಿಂದೆ ಬೆಂಗಳೂರಲ್ಲಿ ಮಳೆಗಾಲದ ಒಂದು ಸಂಜೆ ಸ್ಕೂಟರ್ ಜಾರಿತು. ಬಲಗಾಲಿನ ಹರಡು ಮುರಿಯಿತು. ಪ್ಲೇಟು, ಸ್ಕ್ರೂ, ಮೂರು ತಿಂಗಳು ವಾಕರ್. ನಡೆಯೋಕೆ ಈಗ ಏನೂ ತೊಂದರೆ ಇಲ್ಲ. ಆದರೆ ಪಾದವನ್ನು ಮೇಲಕ್ಕೆ ಪೂರ್ತಿ ಮಡಚೋಕೆ ಆಗಲ್ಲ. ಸರ್ಫಿಂಗ್‌ನಲ್ಲಿ ಮಲಗಿದ್ದವರು ಛಂಗನೆ ಎದ್ದು, ಮಂಡಿ ಬಗ್ಗಿಸಿ, ಕುಕ್ಕುರುಗಾಲಿನ ಭಂಗಿಯಲ್ಲಿ ನಿಲ್ಲಬೇಕಲ್ಲ, ನನಗೆ ಬೇಕಿದ್ದದ್ದು ಸರಿಯಾಗಿ ಅದೇ. "ಕಾಲು ಹಿಂದಕ್ಕೆ ಚಾಚಿ ಮಂಡಿ ಮೇಲೆ ಕೂರೋದಾದ್ರೆ ಅಡ್ಡಿ ಇಲ್ಲ" ಅಂದರು ಫಿಸಿಯೋಥೆರಪಿಸ್ಟ್. ಅವರು ಹೇಳಿದ್ದು ದೇವರ ಮನೆ ಲೆಕ್ಕದಲ್ಲಿ. ನಾನು ಕೇಳಿಸಿಕೊಂಡದ್ದು ಸಮುದ್ರದ ಲೆಕ್ಕದಲ್ಲಿ.

ನನ್ನ ಊರು ಮೂಲ್ಕಿ ಹತ್ತಿರ. ಗೊತ್ತಿಲ್ಲದವರಿಗೆ: ಮಂಗಳೂರು-ಉಡುಪಿ ನಡುವಿನ ಈ ಪುಟ್ಟ ಊರಲ್ಲಿ 2004ರಿಂದ ಮಂತ್ರ ಸರ್ಫ್ ಕ್ಲಬ್ ಇದೆ. ಪಕ್ಕದ ಸಸಿಹಿತ್ಲು ಬೀಚ್‌ನಲ್ಲಿ 2016ರ ಮೇನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ನನಗೆ ಸರ್ಫಿಂಗ್ ಅಂದ್ರೆ ಬೆಂಗಳೂರಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ ಅಮ್ಮನ ಮನೆಗೆ ಹೋಗೋದಕ್ಕೆ ಇದ್ದ ಕಾರಣ. ಅದೊಂದು ನಿಂತುಹೋದ ಮೇಲೆ ಊರಿಗೆ ಹೋಗೋದೂ ಕಡಿಮೆಯಾಯ್ತು. ಹೋದರೂ ಬೀಚ್ ಕಡೆ ಮುಖ ಹಾಕ್ತಿರಲಿಲ್ಲ. ಜೊತೆಗೆ ಕಲಿತವರೆಲ್ಲ ಅಲೆಯಲ್ಲಿ, ನಾನು ಮರಳಲ್ಲಿ ಚಪ್ಪಲಿ ಕಾಯೋದು. ಯಾರಿಗೆ ಬೇಕು?

ಅಂಗಡಿಯಲ್ಲಿ ಮೊಣಕಾಲಿನ ಬೋರ್ಡ್ ಸಿಗಲ್ಲ. ವಿದೇಶದಿಂದ ತರಿಸಿದರೆ ಕಳಿಸೋ ಖರ್ಚೇ ಬೋರ್ಡ್‌ಗಿಂತ ಹೆಚ್ಚು. ಆಗ ನೆನಪಾದದ್ದು ನಮ್ಮ ಮಾವ.

ಮಾವನ ಶೆಡ್ಡಿನಲ್ಲಿ

ಅಮ್ಮನ ತಮ್ಮ ಮೂವತ್ತು ವರ್ಷದಿಂದ ಫೈಬರ್ ದೋಣಿ ರಿಪೇರಿ ಮಾಡ್ತಾರೆ. ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ ಇರುತ್ತಲ್ಲ, ಆಗ ಅವರಿಗೆ ಕೈತುಂಬ ಕೆಲಸ. ಸರ್ಫ್‌ಬೋರ್ಡ್‌ಗೆ ಬೇಕಾದ್ದೂ ಅವರ ಶೆಡ್ಡಲ್ಲಿರೋದೂ ಹೆಚ್ಚುಕಡಿಮೆ ಒಂದೇ: ಫೈಬರ್ ಬಟ್ಟೆ, ರೆಸಿನ್, ಹಾರ್ಡ್‌ನರ್, ಬ್ರಷ್, ಉಜ್ಜೋ ಕಾಗದ. ಆದರೆ ವಿಷಯ ಹೇಳಿದಾಗ ಅವರ ಮುಖ ನೋಡಬೇಕಿತ್ತು.

"ಬಗ್ಗಬೇಕಾ? ಎಂತ ಹೇಳ್ತಿ ಮಾರಾಯ್ತಿ? ಬಗ್ಗಿದ ದೋಣಿ ನನ್ನ ಹತ್ರ ರಿಪೇರಿಗೆ ಬರುವುದು. ನೀನು ಬಗ್ಗುವುದನ್ನೇ ಮಾಡ್ಲಿಕ್ಕೆ ಬಂದಿದ್ದೀಯಲ್ಲ!"

"ಮಾವ, ಇದು ದೋಣಿ ಅಲ್ಲ. ಇದು ಮೀನಿನ ಬಾಲ ಅಂತ ತಿಳ್ಕೊಳ್ಳಿ."

ಅವರು ಏನೂ ಹೇಳಲಿಲ್ಲ. ಬೀಡಿ ಹಚ್ಚೋಕೆ ಹೊರಗೆ ಹೋದರು. ಶೆಡ್ಡೊಳಗೆ ರೆಸಿನ್ ಇರೋವಾಗ ಬೆಂಕಿ ಕಡ್ಡಿ ಗೀರಬಾರದು ಅನ್ನೋದು ಅವರ ಮೊದಲ ಪಾಠ. ವಾಪಸ್ ಬಂದು, "ಹಿಂದಿನ ಕಾಲದಲ್ಲಿ ಹಗ್ಗದಲ್ಲಿ ಹೊಲಿದ ದೋಣಿ ಇತ್ತಂತೆ, ಅಜ್ಜ ಹೇಳ್ತಿದ್ರು. ಮೊಳೆಯೇ ಇಲ್ಲ. ತೆರೆ ಬಡಿದ್ರೆ ದೋಣಿಯೇ ಸ್ವಲ್ಪ ಬಗ್ಗಿ ಕೊಡುವುದಂತೆ. ಆಯ್ತು, ತಾ ನೋಡುವ" ಅಂದರು.

ಮಾವನ ಅಜ್ಜ ಹೇಳಿದ್ದು ಸುಳ್ಳಲ್ಲ. ಮದ್ರಾಸಿನಲ್ಲಿ ಬಂದರು ಕಟ್ಟುವ ಮೊದಲು ಹಡಗಿನ ಜನರನ್ನೂ ಸಾಮಾನನ್ನೂ ಅಬ್ಬರದ ತೆರೆ ದಾಟಿಸಿ ದಡಕ್ಕೆ ತರುತ್ತಿದ್ದದ್ದು ಮಸೂಲಾ ದೋಣಿಗಳು. ತೆಂಗಿನ ನಾರಿನ ಹಗ್ಗದಲ್ಲಿ ಹಲಗೆಗಳನ್ನು ಹೊಲಿದು ಮಾಡಿದವು. ಯುರೋಪಿನವರ ಗಡುಸು ದೋಣಿಗಳು ಒಡೆಯೋ ಜಾಗದಲ್ಲಿ ಇವು ಬಳುಕಿ ಉಳಿಯುತ್ತಿದ್ದವು. ಅಲೆಯ ಮುಂದೆ ಬಗ್ಗೋದು ನಮ್ಮ ಕಡಲಿಗೆ ಹೊಸ ವಿದ್ಯೆ ಅಲ್ಲ.

ಕೆಲಸ ಹೀಗೆ ನಡೆಯಿತು. ಗೆಳೆಯನೊಬ್ಬನ ತುಂಡಾದ ಹಳೇ ಲಾಂಗ್‌ಬೋರ್ಡ್ ತಂದು, ಮೇಲಿನ ಫೈಬರ್ ಸಿಪ್ಪೆ ಕಿತ್ತು, ಒಳಗಿನ ಪಾಲಿಯುರೆಥೇನ್ ಫೋಮ್ ಉಳಿಸಿಕೊಂಡೆವು. ಥರ್ಮೋಕೋಲ್ ಸಾಕಲ್ವಾ ಅಂತ ಕೇಳಬೇಡಿ. ದೋಣಿಗೆ ಬಳಸೋ ಪಾಲಿಯೆಸ್ಟರ್ ರೆಸಿನ್ ಬಿದ್ದರೆ ಥರ್ಮೋಕೋಲ್ ಕರಗಿಹೋಗುತ್ತೆ, ಅದಕ್ಕೆ ಎಪಾಕ್ಸಿಯೇ ಬೇಕು. ಫೋಮನ್ನು ಐದಡಿಗೆ ಕತ್ತರಿಸಿ ತಳದ ಆಕಾರ ಕೊಟ್ಟು, ಮೊದಲು ತಳಕ್ಕೆ ಫೈಬರ್ ಹೊದಿಸಿದೆವು. ಅದು ಗಟ್ಟಿಯಾದ ಮೇಲೆ ಮಗುಚಿ, ಮೇಲಿಂದ ಫೋಮ್ ಕೆರೆದು ತೆಗೆದೆವು, ಪಪ್ಪಾಯಿಯ ತಿರುಳು ತೆಗೆದ ಹಾಗೆ. ಗ್ರೀನೋ ಮಾಡಿದಷ್ಟು ಪೂರ್ತಿ ಅಲ್ಲ. ನಮ್ಮ ಅಲೆಗಳು ಸಾಂತಾ ಬಾರ್ಬರಾದಷ್ಟು ಗಟ್ಟಿ ಇರಲ್ಲ, ತೇಲು ಬೇಕು. ಹಾಗಾಗಿ ಮಂಡಿ ಊರುವ ಜಾಗದವರೆಗೆ ಫೋಮ್ ಬಿಟ್ಟು, ಹಿಂದಿನ ಒಂದೂಕಾಲು ಅಡಿ ಮಾತ್ರ ಬರೀ ಫೈಬರ್.

ದೋಣಿಗೆ ಮಾವ ಬಳಸೋದು ಮ್ಯಾಟ್, ಅಂದ್ರೆ ನೂಲುಗಳನ್ನು ಅಡ್ಡಾದಿಡ್ಡಿ ಒತ್ತಿ ಮಾಡಿದ್ದು. ಅದು ರೆಸಿನ್ ಜಾಸ್ತಿ ಕುಡಿಯುತ್ತೆ, ಭಾರ, ಬಗ್ಗಿಸಿದರೆ ಬೇಗ ಬಿರುಕು. ಬಾಲಕ್ಕೆ ನೇಯ್ದ ಬಟ್ಟೆಯೇ ಬೇಕಿತ್ತು. ಅದನ್ನು ಬೆಂಗಳೂರಿಂದ ತಗೊಂಡು ಹೋದೆ. ಹದಿನಾಲ್ಕು ಪದರ ಒಂದರ ಮೇಲೊಂದು. ಪ್ರತಿ ಪದರದಲ್ಲೂ ಗಾಳಿಗುಳ್ಳೆ ಉಳಿಯದ ಹಾಗೆ ಮಾವ ರೋಲರ್ ಎಳೀತಿದ್ದರೆ ಚಪಾತಿ ಲಟ್ಟಿಸಿದ ಹಾಗಿತ್ತು. ಮಳೆಗಾಲದ ತೇವಕ್ಕೆ ರೆಸಿನ್ ಸರಿಯಾಗಿ ಕೂರಲ್ಲ ಅಂತ ಮಳೆ ಬಿಟ್ಟ ಎರಡು ದಿನ ಕಾದು, ಮಧ್ಯಾಹ್ನವೇ ಹಚ್ಚಿದೆವು. ಅವರ ಇನ್ನೊಂದು ಪಾಠ, ಮನೆಯಲ್ಲಿ ಪ್ರಯತ್ನಿಸುವವರು ಕಡ್ಡಾಯವಾಗಿ ನೆನಪಿಡಿ: ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ರೆಸಿನ್‌ಗೆ ಕೋಬಾಲ್ಟ್, ಅದು ಚೆನ್ನಾಗಿ ಬೆರೆತ ಮೇಲೆ ಹಾರ್ಡ್‌ನರ್. ಮಾಸ್ಕ್, ಕೈಗವಸು, ಗಾಳಿ ಆಡೋ ಜಾಗ ಬೇಕೇ ಬೇಕು.

ಎರಡು ಬೆರಳಿನ ಲೆಕ್ಕ

ಎಲ್ಲಕ್ಕಿಂತ ಸೊಗಸಾದದ್ದು ಹದ ನೋಡುವ ಕೆಲಸ. ಮೂತಿಯ ಕಡೆಯನ್ನು ಬೆಂಚಿಗೆ ಕಟ್ಟಿ, ಬಾಲ ಹೊರಗೆ ಚಾಚುವಂತೆ ಇಟ್ಟು, ತುದಿಗೆ ಐದು ಲೀಟರ್ ನೀರಿನ ಕ್ಯಾನ್ ನೇತುಹಾಕಿದೆವು. ಒಂದು ಬೆರಳಿನಷ್ಟು ಇಳಿಯಿತು. ನಾನು ಮೊಬೈಲ್ ತೆಗೆದು ಲೆಕ್ಕ ಶುರು ಮಾಡಿದೆ. ಇಂಥ ಹಲಗೆಯ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟು! ಹದಿನಾಲ್ಕು ಪದರಕ್ಕೆ ಇನ್ನೊಂದೇ ಒಂದು ಸೇರಿಸಿದರೆ ಬಿಗಿ ಸುಮಾರು ಕಾಲು ಭಾಗ ಹೆಚ್ಚುತ್ತೆ. ಅಂದ್ರೆ ಉಜ್ಜುವಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೋರ್ಡ್‌ನ ಸ್ವಭಾವವೇ ಬೇರೆ.

ನಾನು ಇಷ್ಟು ಹೇಳಿ ಮುಗಿಸೋ ಹೊತ್ತಿಗೆ ಮಾವ ಉಜ್ಜೋ ಕಾಗದ ಹಿಡಿದು ಕೂತಿದ್ದರು. ತುದಿಯ ಕಡೆ ತೆಳ್ಳಗೆ, ಬುಡಕ್ಕೆ ಮುಟ್ಟದ ಹಾಗೆ. ಉಜ್ಜೋದು, ಕ್ಯಾನ್ ನೇತುಹಾಕೋದು, ಬೆರಳಿಟ್ಟು ನೋಡೋದು. ಎರಡು ಬೆರಳು ಇಳಿಯೋವರೆಗೆ. ಕೊನೆಗೆ ಅಂಗೈಯಿಂದ ಬಾಲ ಒತ್ತಿ ಬಿಟ್ಟರು. ಅದು ಟಣ್ ಅಂತ ನೇರವಾಯ್ತು. "ಈಗ ಜೀವ ಉಂಟು" ಅಂದರು.

ನೀರಿನಲ್ಲಿ

ಮಳೆಗಾಲದ ಸಮುದ್ರಕ್ಕೆ ಯಾರೂ ಇಳಿಯಬಾರದು, ನಾನೂ ಇಳಿಯಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಸರಿದರೂ ಅಲೆಗೆ ಇನ್ನೂ ತೂಕ ಉಳಿದಿದ್ದ ಒಂದು ಬೆಳಿಗ್ಗೆ ಹೋದೆ. ಪೂರ್ತಿ ನಿಜ ಹೇಳ್ತೀನಿ: ಸುಲಭ ಅಲ್ಲ. ಬೋರ್ಡ್ ಅರ್ಧ ಮುಳುಗಿಯೇ ಇರುತ್ತೆ. ಒದ್ದು ಒದ್ದು ತೊಡೆ ಸೋಲುತ್ತೆ. ಸಣ್ಣ ಅಲೆಗಳು ನನ್ನನ್ನು ಕೇಳದೇ ದಾಟಿಹೋದವು. ಎರಡು ಗಂಟೆಯಲ್ಲಿ ಸಿಕ್ಕಿದ್ದು ಐದು ಅಲೆ.

ಆದರೆ ಆ ಐದು! ಮೊಣಕಾಲೂರಿ ಕೂತಾಗ ಮುಖ ನೀರಿಗೆ ಹತ್ತಿರ. ಸೊಂಟದೆತ್ತರದ ಅಲೆ ಭುಜದ ಮಟ್ಟಕ್ಕೆ ಕಾಣುತ್ತೆ, ವೇಗ ಎರಡರಷ್ಟು ಅನ್ನಿಸುತ್ತೆ. ನಿಂತಾಗ ಕಾಣದೇ ಇದ್ದ ನೀರಿನ ಸುಕ್ಕುಗಳೆಲ್ಲ ಕಾಣ್ತವೆ. ನಾಲ್ಕನೇ ಅಲೆಯಲ್ಲಿ ಎಡಕ್ಕೆ ವಾಲಿದಾಗ ಹಿಂದೆ ಬಾಲ ಬಗ್ಗಿದ್ದು ಮಂಡಿಗೆ ಗೊತ್ತಾಯ್ತು. ವಾಲೋದು ಬಿಟ್ಟ ಕ್ಷಣ ಬೋರ್ಡ್ ಮುಂದಕ್ಕೆ ಜಿಗಿಯಿತು. ನಾನು ಜೋರಾಗಿ ಕೂಗಿದೆ ಅಂತ ದಡದಲ್ಲಿದ್ದವರು ಆಮೇಲೆ ಹೇಳಿದರು.

ಗ್ರೀನೋ ಈ ನೋಟವನ್ನೇ ಎಲ್ಲರಿಗೂ ತೋರಿಸಬೇಕು ಅಂತ ಹಟ ಹಿಡಿದವರು. ಹನ್ನೆರಡು ಕೆಜಿಗೂ ಹೆಚ್ಚು ತೂಕದ ಕ್ಯಾಮೆರಾವನ್ನು ನೀರು ಹೋಗದ ಪೆಟ್ಟಿಗೆಯಲ್ಲಿಟ್ಟು ಬೆನ್ನಿಗೆ ಕಟ್ಟಿಕೊಂಡು ಅಲೆಯ ಸುರುಳಿಯೊಳಗಿಂದ ಚಿತ್ರೀಕರಿಸಿದರು. 1973ರ 'ಕ್ರಿಸ್ಟಲ್ ವಾಯೇಜರ್' ಸಿನಿಮಾದ ಕೊನೆಯ ಭಾಗದಲ್ಲಿ ಪಿಂಕ್ ಫ್ಲಾಯ್ಡ್‌ನ 'ಎಕೋಸ್' ಸಂಗೀತದ ಜೊತೆ ಆ ದೃಶ್ಯಗಳಿವೆ. ಫೋನಲ್ಲಿ ಬೇಡ, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ ನೋಡಿ.

ಇಮೋಜಿ ಕಳಿಸಿದ ಓದುಗರೇ, ನಿಮ್ಮ ಮೇಲೆ ಸಿಟ್ಟಿಲ್ಲ. ನಿಲ್ಲೋದೇ ಸಾಧನೆ ಅಂತ ನಾನೂ ಎರಡು ವರ್ಷ ಮರಳಲ್ಲಿ ಕೂತಿದ್ದೆ. ಅಲೆಗೆ ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ ಅನ್ನೋ ಲೆಕ್ಕ ಇಲ್ಲ. ಪ್ರಯತ್ನಿಸೋ ಆಸೆ ಇದ್ದರೆ ಮೊದಲು ಈಜು ಕಲಿಯಿರಿ, ತರಬೇತುದಾರರ ಜೊತೆಗೇ ನೀರಿಗಿಳಿಯಿರಿ, ಮಂಡಿ ನೋವಿರೋರು ವೈದ್ಯರನ್ನು ಕೇಳಿ.

ಅಂದ ಹಾಗೆ, ಮೊನ್ನೆ ಮಾವ ಫೋನ್ ಮಾಡಿದ್ದರು. "ಬಾಲ ಇನ್ನೊಂದು ಸ್ವಲ್ಪ ಉಜ್ಜಬಹುದಿತ್ತಾ ಅಂತ. ನೀನು ಎಂತ ಹೇಳ್ತಿ?" ಈ ಶುಕ್ರವಾರ ರಾತ್ರಿಯ ಬಸ್ಸಿಗೆ ಸೀಟು ಬುಕ್ ಆಗಿದೆ. ನಿಮ್ಮ ಮನೆಯಲ್ಲೂ ಕೈಕಸುಬಿನ ಮಾವನೋ, ಚಿಕ್ಕಪ್ಪನೋ, ಅಜ್ಜಿಯೋ ಇದ್ದರೆ ಅವರ ಜೊತೆ ಏನು ಮಾಡಿದಿರಿ ಅಂತ ಬರೆಯಿರಿ. ಮುಂದಿನ ತಿಂಗಳು ಸಿಗೋಣ.